ನಾನು ಓದದೇ ಬಿಟ್ಟ ಅಕ್ಷರ

ಕಳೆದ ವಾರ ಚೀನೀ ಭಾಷೆಯ ನನ್ನ ಹಳೆಯ ನೋಟ್‌ಬುಕ್ಕನ್ನು ಅಟ್ಟದಿಂದ ಇಳಿಸಿದೆ. ಹಾಳೆ ತಿರುಗಿಸುತ್ತಲೇ ಕಮಟು ಕೊಬ್ಬರಿಯ ವಾಸನೆ ಬಂತು. ಫ್ಯಾಕ್ಟರಿಯ ಟೇಬಲ್ ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಪುಸ್ತಕವದು. ನಮ್ಮ ಫಿಟ್ಟರಣ್ಣ ಕಣ್ಮುಂದೆ ಬಂದು ನಿಂತರು...

ಮೈಸೂರಿನಲ್ಲಿ ಓದುವಾಗ ಒಂದು ವರ್ಷ ಸಂಜೆ ತರಗತಿಗೆ ಹೋಗಿ ಚೀನೀ ಕಲಿತಿದ್ದೆ. ಶ್ರವಣಬೆಳಗೊಳಕ್ಕೆ ಬರುವ ವಿದೇಶಿಯರಿಗೆ ಗೈಡ್ ಆಗಬೇಕೆಂಬ ಆಸೆ. ಆ ಭಾಷೆಯವರು ಒಬ್ಬರೂ ಸಿಗಲಿಲ್ಲ. ಕಲಿತದ್ದು ತುಕ್ಕು ಹಿಡಿಯಿತು. ಆದರೂ ಚನ್ನರಾಯಪಟ್ಟಣದ ಹೊರಗಿನ ಕೊಬ್ಬರಿ ಪುಡಿ ಫ್ಯಾಕ್ಟರಿಗೆ ಅರ್ಜಿ ಹಾಕುವಾಗ 'ಚೀನೀ ಬರುತ್ತದೆ' ಎಂದು ಬರೆದೆ. ಚೀನಾದಿಂದ ತರಿಸಿದ ತುರಿಯುವ ಯಂತ್ರ ಅಲ್ಲಿ ಆಗಷ್ಟೇ ಇಳಿದಿತ್ತು. ಸ್ಟೋರ್ ಗುಮಾಸ್ತನ ಕೆಲಸ ನನಗೆ ಸಿಕ್ಕಿದ್ದೇ ಆ ಒಂದು ಸಾಲಿನಿಂದ.

ಫಿಟ್ಟರಣ್ಣ ಹಳೇಕೋಟೆಯವರು. ಯಂತ್ರದ ಮೈಗೆ ಸ್ಪ್ಯಾನರ್ ಒತ್ತಿ, ಅದರ ತುದಿಗೆ ಕಿವಿಯಿಟ್ಟು ಕೇಳುತ್ತಿದ್ದರು. "ಇದ್ರ ಸದ್ದು ನಂಗೆ ಹಿಡಿಸ್ತಿಲ್ಲ ಕಣಪ್ಪ" ಎಂದು ಮೊದಲ ದಿನವೇ ಅಂದಿದ್ದರು. ಪರದೆಯ ಮೇಲೆ ಏನಾದರೂ ಮೂಡಿದರೆ ನನ್ನನ್ನು ಕರೆಯುತ್ತಿದ್ದರು. ನಾಲ್ಕು ಅಕ್ಷರ ಗುರುತು ಸಿಕ್ಕರೆ ಉಳಿದದ್ದನ್ನು ನಾನು ಊಹಿಸುತ್ತಿದ್ದೆ. ಊಹೆ ನಿಜವಾಗುತ್ತಿತ್ತು. ಅವರ ನಂಬಿಕೆ ಬೆಳೆದಂತೆಲ್ಲ ನನ್ನೊಳಗೆ ಭಯವೂ ಬೆಳೆಯುತ್ತಿತ್ತು. ಆದರೂ ಪುಸ್ತಕ ತೆರೆಯಲಿಲ್ಲ.

ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಯಂತ್ರ ಸಿಕ್ಕಿಕೊಂಡು ನಿಂತಿತು. ಶೆಡ್ಡಿನಲ್ಲಿ ನಾವಿಬ್ಬರೇ. ಯಾವಾಗಲೂ ಅವರು ಶೆಡ್ಡಿನ ಆ ತುದಿಯವರೆಗೆ ನಡೆದುಹೋಗಿ ಮೇನ್ ಸ್ವಿಚ್ ಆಫ್ ಮಾಡಿ ಬರುತ್ತಿದ್ದವರು, ಅವತ್ತು ಹೋಗದೆ ಪರದೆಯತ್ತ ಬಗ್ಗಿದರು.

"ಕೆಂಪಗೆ ಏನೋ ಬರ್ದೈತೆ, ನೋಡಪ್ಪ."

ಐದು ಅಕ್ಷರ. ಮೊದಲ ಎರಡು ಕರೆಂಟು, ಕೊನೆಯ ಎರಡು ಕಡಿತ. ನಡುವೆ ಗಿಡದಂತಿದ್ದ ಒಂದು ಪುಟ್ಟ ಅಕ್ಷರ; ಎಲ್ಲೋ ಕಂಡಂತಿತ್ತು, ನೆನಪಾಗಲಿಲ್ಲ.

"ಕರೆಂಟ್ ಕಟ್ ಆಗಿದೆ ಅಂತಿದೆ ಅಣ್ಣ."

"ಅಂಗಾರೆ ಕೈ ಆಕ್ಲಾ?"

"ಹಾಕಿ" ಎಂದೆ.

ಸಿಕ್ಕಿದ್ದ ಚಿಪ್ಪಿನ ಚೂರನ್ನು ಅವರು ಎಳೆದರು. ಚೂರು ಬಿಟ್ಟುಕೊಂಡಿತು, ಬ್ಲೇಡು ತಿರುಗಿತು...

ಹಾಸನದ ಆಸ್ಪತ್ರೆಯಲ್ಲಿ ಬಲಗೈಯನ್ನು ಮಣಿಕಟ್ಟಿನಿಂದ ತೆಗೆದರು. ಹೊರಗೆ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಆ ಅಕ್ಷರ ಹುಡುಕಿದೆ. 'ವೇಯ್'. ಇನ್ನೂ ಆಗಿಲ್ಲ ಎಂದರ್ಥ. ಕರೆಂಟು ಇನ್ನೂ ಕಡಿತವಾಗಿಲ್ಲ ಎಂದು ಯಂತ್ರ ಸರಿಯಾಗಿಯೇ ಹೇಳಿತ್ತು.

ಮಾಲೀಕರು ವಿಚಾರಿಸಿದಾಗ ಫಿಟ್ಟರಣ್ಣ, "ಯಾರ್ನೂ ಕೇಳ್ನಿಲ್ಲ ಸಾ, ನಾನೇ ಕೈ ಆಕ್ದೆ" ಎಂದುಬಿಟ್ಟರು. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ.

ತಿಂಗಳ ಮೇಲೆ ಹಳೇಕೋಟೆಗೆ ಹೋದೆ. ಎಡಗೈಯಲ್ಲಿ ಕಾಫಿ ಲೋಟ ಹಿಡಿಯುವುದನ್ನು ಅವರಿನ್ನೂ ಕಲಿಯುತ್ತಿದ್ದರು. ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು: "ನೀನ್ಯಾಕ್ ಕೊರಗ್ತೀಯ? ನೀನ್ ಓದಿದ್ ಸರಿಯಾಗೇ ಓದ್ದೆ. ಆ ಮಿಷಿನ್ನೇ ಸುಳ್ ಬರ್ದಿತ್ತು ಕಣಪ್ಪ."

ನಾನು ತಲೆಯಾಡಿಸಿದೆ. ಹೌದು ಎಂಬಂತೆ.

ಮತ್ತೆ ಆ ಊರಿಗೆ ಹೋಗಲಿಲ್ಲ. ಹೋದ ವರ್ಷ ಅವರು ಎದೆನೋವಿನಿಂದ ತೀರಿಕೊಂಡರೆಂದು ತಿಳಿದಾಗಲೂ ಹೋಗಲಿಲ್ಲ.

ಈಗ ದಿನಾ ಬೆಳಿಗ್ಗೆ ಒಂದು ಗಂಟೆ ಕೂತು ಮೊದಲ ಪಾಠದಿಂದ ಮತ್ತೆ ಕಲಿಯುತ್ತಿದ್ದೇನೆ. ಹೆಂಡತಿಗೆ ನನ್ನ ಶ್ರದ್ಧೆ ಕಂಡು ಹೆಮ್ಮೆ. ಮುಂದಿನ ತಿಂಗಳು ಫ್ಯಾಕ್ಟರಿಗೆ ಚೀನಾದಿಂದ ಇನ್ನೂ ದೊಡ್ಡ ಯಂತ್ರವೊಂದು ಬರಲಿದೆ. ಹೊಸ ಫಿಟ್ಟರ್ ಅರಕಲಗೂಡಿನ ಕಡೆಯವನು, ಹೋದ ತಿಂಗಳಷ್ಟೇ ಮದುವೆಯಾದವನು. ನಿನ್ನೆ ಮಾಲೀಕರು ಅವನನ್ನು ನನ್ನ ಟೇಬಲ್ಲಿಗೆ ಕರೆತಂದು, "ಏನಿದ್ರೂ ಇವ್ರನ್ನ ಕೇಳು. ಇವ್ರು ಹೇಳಿದ್ಮೇಲೆ ಮುಗೀತು" ಎಂದರು.

ಅವನು ನಗುತ್ತ ಕೈ ಚಾಚಿದ. ಆ ಕೈ ಹಿಡಿಯಲು ನನ್ನಿಂದಾಗಲಿಲ್ಲ.