ದೊಡ್ಡಪ್ಪ ಮುಟ್ಟಿ ಹೇಳಿದ ಅಂಚು

ನಮ್ಮ ದೊಡ್ಡಪ್ಪನಿಗೆ ಬೀದಿಯವರು ಇಟ್ಟ ಹೆಸರು ಪತ್ತೇದಾರ. ನೂಲಿನ ಲಡಿ ಬಂದರೆ ಮೂಸಿ ನೋಡ್ತಾರೆ, ಬೆಳಕಿಗೆ ಹಿಡಿದು ನೋಡ್ತಾರೆ, ಆಮೇಲೆ ಅದನ್ನು ತಂದವನ ಮುಖವನ್ನೂ ಹಾಗೇ ನೋಡ್ತಾರೆ. ಪಕ್ಕದ ಮನೆಯವರು ಸುಮ್ಮನೆ ನಕ್ಕರೂ, "ಯಾಕೆ ನಕ್ಕಿದ್ದು?" ಅಂತ ನನ್ನನ್ನು ಕಳಿಸಿ ವಿಚಾರಿಸ್ತಾರೆ. ನೇಯ್ಗೆಯಲ್ಲಿ ಮಾತ್ರ ಅವರನ್ನು ಮೀರಿಸೋರು ಯಾರೂ ಇಲ್ಲ. ಪ್ರೀತಿಯಿಂದ ಹೇಳ್ತಿದ್ದೀನಿ ಅಂದ್ಕೋಬೇಡಿ, ಇರೋದನ್ನು ಹೇಳ್ತಿದ್ದೀನಿ.

ಪ್ರೀತಿ ಇಲ್ಲದ್ದಕ್ಕೆ ಕಾರಣ ಇದೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಗ್ಗ. ಒಂದು ದೊಡ್ಡಪ್ಪನದು, ಒಂದು ಅಮ್ಮನದು. ಹದಿಮೂರು ವರ್ಷದ ಹಿಂದೆ, ನನಗಾಗ ಒಂಬತ್ತು, ಇಬ್ಬರೂ ಸೇರಿ ಒಂದು ದೊಡ್ಡ ಆರ್ಡರಿಗೆ ಹೊದಿಕೆ ನೇಯ್ದರು. ಹಸಿರು ಮೈ, ಸಾಸಿವೆ ಬಣ್ಣದ ಅಂಚು. ಅದರಲ್ಲಿ ಒಂದೇ ಒಂದು ಹೊದಿಕೆ ಕೆಟ್ಟಿತ್ತು. ನೇಯ್ಗೆ ಅಲ್ಲಲ್ಲಿ ಸಡಿಲವಾಗಿ ಪಟ್ಟೆ ಪಟ್ಟೆ ಕಾಣ್ತಿತ್ತು. ವ್ಯಾಪಾರಿ ಅದನ್ನು ನಡುಬೀದಿಯಲ್ಲಿ ಬಿಡಿಸಿ ಹಿಡಿದು, ಆರ್ಡರ್ ಸಾಕು ಅಂತ ಹೇಳಿ ಹೋದ. ನಾಲ್ಕು ಮನೆಯ ನೇಕಾರರು ನಿಂತು ನೋಡ್ತಿದ್ದರು. ದೊಡ್ಡಪ್ಪ ಹೊದಿಕೆ ಮುಟ್ಟಲೂ ಇಲ್ಲ. ದೂರದಿಂದಲೇ, "ನನ್ನ ತಮ್ಮನ ಹೆಂಡತಿ ಕೈ ಇದು" ಅಂದುಬಿಟ್ಟರು. ಆ ಹೊದಿಕೆ ಆಮೇಲೆ ಅರ್ಧ ಬೆಲೆಗೆ ಯಾರೋ ಗಿರಾಕಿಗೆ ಹೋಯಿತು.

ಅಷ್ಟೇ. ಮಾರನೇ ದಿನದಿಂದ ಅಮ್ಮ ಮಗ್ಗ ಬಿಟ್ಟು ಮೂಲೆಯಲ್ಲಿ ಕಂಡಿಕೆ ಸುತ್ತೋಕೆ ಕೂತಳು. ಲಾಳಿಯೊಳಗೆ ಇಡೋ ಆ ಚಿಕ್ಕ ಕಡ್ಡಿಗೆ ನೂಲು ಸುತ್ತೋದು, ದೊಡ್ಡಪ್ಪ ನೇಯ್ದು ಮುಗಿಸೋದು, ಮತ್ತೆ ಸುತ್ತೋದು. ಅವಳ ಮಗ್ಗದ ಮೇಲೆ ಮೂಟೆಗಳು ಬಂದು ಕೂತವು. ಅಪ್ಪ ಬಣ್ಣದ ಶೆಡ್ಡಿನಲ್ಲಿ ದುಡಿಯೋನು, ಅಣ್ಣನ ಎದುರು ಅವನ ಬಾಯಿಗೆ ಬೀಗ. ಅಮ್ಮನಿಗೆ ಮಗ್ಗ ವಾಪಸ್ ಕೊಡಿ ಅಂತ ನಾನು ಎಷ್ಟು ಸಲ ಜಗಳ ಆಡಿದ್ದೀನೋ! ಪ್ರತಿ ಸಲವೂ ದೊಡ್ಡಪ್ಪನದು ಒಂದೇ ಮಾತು: "ಆ ಕೈ ನಂಬೋಕಾಗಲ್ಲ."

ಹೋದ ವರ್ಷ ಒಬ್ಬಳು ಕನ್ನಡಕದ ಹುಡುಗಿ, ಜೊತೆಗೆ ಇಬ್ಬರು, ನೇಕಾರರ ಕಷ್ಟ ತಿಳ್ಕೊಂಡು ಏನಾದರೂ ಅನುಕೂಲ ಮಾಡ್ತೀವಿ ಅಂತ ನಮ್ಮ ಬೀದಿಗೆ ಬಂದರು. ಗೋಡೆಗೆ ಉದ್ದದ ಕಾಗದ ಅಂಟಿಸಿ, ನಾವು ಹೇಳಿದ್ದನ್ನೆಲ್ಲ ಬಣ್ಣಬಣ್ಣದ ಚೀಟಿಯಲ್ಲಿ ಬರೆದು ಅದರ ಮೇಲೆ ಅಂಟಿಸೋಳು. ಹಾಗಾಗಿ ಅವಳು ಚೀಟಿ ಅಕ್ಕ ಆದಳು. ನೂಲು ಎಲ್ಲಿಂದ ಬರುತ್ತೆ, ಬಣ್ಣದ ನೀರು ಎಲ್ಲಿಗೆ ಹೋಗುತ್ತೆ, ಯಾರು ಎಷ್ಟು ಹೊತ್ತು ಕೂರ್ತೀರಿ, ಎಲ್ಲಿ ನೋವು ಬರುತ್ತೆ, ಎಲ್ಲ ಕೇಳೋಳು. ದೊಡ್ಡಪ್ಪ ಮೊದಲ ದಿನವೇ ತಮ್ಮ ಮಗ್ಗಕ್ಕೆ ಹಳೇ ಬೆಡ್‌ಶೀಟ್ ಹೊದಿಸಿದರು. ಅವಳು ಹೋದ ಮೇಲೆ ಚೀಟಿಗಳನ್ನು ಎಣಿಸಿ, ಒಂದನ್ನು ಕಿತ್ತು ಹಿಂದೆ ಏನಾದರೂ ಬರೆದಿದೆಯಾ ಅಂತ ತಿರುಗಿಸಿ ನೋಡಿದರು.

"ಏನಿತ್ತು ದೊಡ್ಡಪ್ಪ?"

"ಅಂಟು. ಬರೀ ಅಂಟು. ಅದಕ್ಕೇ ಅನುಮಾನ."

ನಿಜ ಹೇಳಬೇಕಂದರೆ ನನಗೂ ನಂಬಿಕೆ ಇರಲಿಲ್ಲ. ಇಂಥವರು ಹಿಂದೆಯೂ ಬಂದಿದ್ದರು, ಫೋಟೋ ತೆಗೆದರು, ಟೀ ಕುಡಿದರು, ನಾಪತ್ತೆ. ಆದರೆ ಚೀಟಿ ಅಕ್ಕ ಮತ್ತೆ ಮತ್ತೆ ಬಂದಳು. ಒಂದು ದಿನ ಕೇಳಿದಳು, "ಬಟ್ಟೆ ಮಾರಿದ ಮೇಲೆ ಅದಕ್ಕೆ ಏನಾಗುತ್ತೆ?"

"ಮಾರಿದ ಮೇಲೆ ನಮಗ್ಯಾಕಮ್ಮ ಅದರ ಉಸಾಬರಿ?" ಅಂದರು ದೊಡ್ಡಪ್ಪ.

ಅವಳ ಯೋಚನೆ ಇಷ್ಟೇ: ಹರಿದ ಹೊದಿಕೆಯನ್ನು ಕೊಂಡವರು ಬಿಸಾಡೋ ಬದಲು ನಮಗೇ ವಾಪಸ್ ಕಳಿಸಲಿ, ನಾವು ಎಳೆ ಕೂಡಿಸಿ ಸರಿಮಾಡಿ ಕೊಡೋಣ, ಅದಕ್ಕೆ ಕೂಲಿ ಸಿಗಲಿ, ಬಟ್ಟೆ ಇನ್ನೂ ಹತ್ತು ವರ್ಷ ಬಾಳಲಿ. ನೇಯ್ದ ಕೈಯೇ ಸರಿಮಾಡಿದರೆ ಒಳ್ಳೇದು, ನೇಯ್ಗೆಯ ಬಿಗಿ ಆ ಕೈಗೇ ಗೊತ್ತಿರುತ್ತೆ. "ಆದರೆ ಹಳೇ ಬಟ್ಟೆ ಯಾರು ನೇಯ್ದಿದ್ದು ಅಂತ ಹೇಗೆ ತಿಳಿಯೋದು?" ಅಂತ ಕೆನ್ನೆಗೆ ಪೆನ್ನು ಒತ್ತಿಕೊಂಡು ಕೂತಳು.

ದೊಡ್ಡಪ್ಪನ ಎದೆ ಉಬ್ಬಿತು. "ಅಂಚು ಹಿಡಿದರೆ ಸಾಕು. ಈ ಬೀದಿಯ ಐದು ಮನೆಯಲ್ಲಿ ಯಾರ ಕೈ ಅಂತ ಕಣ್ಣು ಮುಚ್ಚಿಕೊಂಡು ಹೇಳ್ತೀನಿ."

"ನಿಜವಾಗ್ಲೂ?" ಅಂದಳು ಅವಳು. ಆ ಒಂದು ಮಾತು ಸಾಕಾಯ್ತು. ಅವಳು ನಂಬಲ್ಲ ಅಂತ ದೊಡ್ಡಪ್ಪನಿಗೆ ಮೈ ಉರಿದುಹೋಯ್ತು.

ಹಳೇ ಗಿರಾಕಿಗಳಿಗೆಲ್ಲ ಸುದ್ದಿ ಹೋಯಿತು, ಒಂದು ತಿಂಗಳಲ್ಲಿ ಮೂವತ್ತು ಹೊದಿಕೆ ಬಂದವು. ಪರೀಕ್ಷೆ ನಮ್ಮ ಮನೆಯಲ್ಲೇ. ನಾಲ್ಕು ಮನೆಯ ನೇಕಾರರು ಬಂದು ಗೋಡೆಗೊರಗಿ ಕೂತರು. ದೊಡ್ಡಪ್ಪ ತಾವೇ ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡರು, ಆಮೇಲೆ ಯಾರೂ ಮೋಸ ಅನ್ನಬಾರದಲ್ಲ! ಹೊದಿಕೆ ಕೈಗೆ ಕೊಡೋ ಕೆಲಸ ನನ್ನದು. ಅಮ್ಮ ಮೂಲೆಯಲ್ಲಿ ರಾಟೆ ತಿರುಗಿಸ್ತಾ ಇದ್ದಳು.

ಎಂಟು, ಹತ್ತು, ಹದಿನೈದು. ಒಂದೂ ತಪ್ಪಲಿಲ್ಲ. "ಎದುರು ಮನೆ ಅಜ್ಜ. ಎಡ ಅಂಚು ಜೋಲು." ಅಜ್ಜ ತಲೆ ಆಡಿಸೋನು. "ಮೂಲೆ ಮನೆ ಅಣ್ಣತಮ್ಮ, ಇಲ್ಲಿ ಚಿಕ್ಕವನು ಕೂತಿದ್ದಾನೆ." ಚೀಟಿ ಅಕ್ಕ ಬರೆದುಕೊಳ್ಳೋದನ್ನೇ ಮರೆತಿದ್ದಳು.

ಮುಂದಿನ ಮೂಟೆ ಬಿಚ್ಚಿದೆ. ಹಸಿರು. ಸಾಸಿವೆ ಅಂಚು. ಸಡಿಲ ಪಟ್ಟೆಯಲ್ಲೇ ಹರಿದಿತ್ತು, ಎರಡು ಕಡೆ. ರಾಟೆ ನಿಂತಿತು. ತಿರುಗಿ ನೋಡಿದರೆ ಅಮ್ಮನ ಮುಖದಲ್ಲಿ ಬಣ್ಣವೇ ಇಲ್ಲ. ಬೇಡ ಅನ್ನೋ ಹಾಗೆ ತಲೆ ಆಡಿಸಿದಳು. ಈಗ ಇಷ್ಟು ಜನರ ಎದುರು ದೊಡ್ಡಪ್ಪ ಇನ್ನೊಂದು ಸಲ ಅಮ್ಮನ ಕೈ ಅಂದರೆ ಮುಗಿದೇ ಹೋಯ್ತು, ಅವಳು ಸಾಯೋತನಕ ಆ ಮೂಲೆ ಬಿಟ್ಟು ಏಳಲ್ಲ. ಹೊದಿಕೆಯನ್ನು ಪಕ್ಕಕ್ಕೆ ಸರಿಸಬಹುದಿತ್ತು. ಬೇಕಂತಲೇ ಕೊಟ್ಟೆಯಾ ಅಂತ ಕೇಳಬೇಡಿ. ಬೇಕಂತಲೇ ಕೊಟ್ಟೆ, ಅವತ್ತು ಮುಟ್ಟದೇ ಹೇಳಿದ್ದನ್ನು ಇವತ್ತು ಮುಟ್ಟಿ ಹೇಳಲಿ ಅಂತ.

ದೊಡ್ಡಪ್ಪ ಎರಡು ಬೆರಳಲ್ಲಿ ಅಂಚು ಹಿಡಿದು ಒಂದು ಗೇಣು ಎಳೆದರು. ನಕ್ಕರು.

"ನನ್ನನ್ನೇ ಪರೀಕ್ಷೆ ಮಾಡ್ತೀಯೇನೇ? ಬಲ ಅಂಚು ಒಳಕ್ಕೆ ಬಿಗಿ. ಇದು ನನ್ನದೇ. ಬೇರೆ ಯಾರಿಂದಲೂ ಸಾಧ್ಯವಿಲ್ಲ. ಬರ್ಕೊಳಮ್ಮ."

ಎದುರು ಮನೆ ಅಜ್ಜ ಗೋಡೆ ಬಿಟ್ಟು ಮುಂದಕ್ಕೆ ಬಾಗಿ ಹೊದಿಕೆಯನ್ನೇ ನೋಡಿದ. ದೊಡ್ಡಪ್ಪನಿಗೆ ಮೌನ ಅಂದರೂ ಅನುಮಾನ ತಾನೇ, ಟವೆಲ್ ಕಿತ್ತು ನೋಡಿದರು. ಮಡಿಲಲ್ಲಿ ಹಸಿರು. ಎರಡೂ ಅಂಚು ಹಿಡಿದರು, ಮಗುಚಿ ಹಿಡಿದರು, ಕಿಟಕಿಗೆ ಒಯ್ದರು. ಅಂಚು ಬದಲಾಗಲಿಲ್ಲ.

"ಆಗ... ಭುಜ ನೋಯ್ತಿತ್ತು ನನಗೆ, ಬಿಗಿಯಾಗಿ ಬಡಿಯೋಕಾಗ್ತಿರಲಿಲ್ಲ" ಅಂದರು ಕೊನೆಗೆ.

ಭುಜ ನೋಯ್ತಿತ್ತಂತೆ! ಹನ್ನೆರಡು ವರ್ಷ ನೆನಪಾಗದ ಭುಜ! ಗೊತ್ತಿದ್ದೇ ಅಮ್ಮನ ಮೇಲೆ ಹಾಕಿದರೋ, ಗೊತ್ತಿಲ್ಲದೆ ಹಾಕಿದರೋ, ನನಗೆ ಇವತ್ತಿಗೂ ಅನುಮಾನ. ನಾನು ಬಾಯಿ ತೆರೆಯೋದರೊಳಗೆ ಅಮ್ಮ ಎದ್ದು ಬಂದಳು. ಕೂಗಾಡ್ತಾಳೆ ಅಂದ್ಕೊಂಡೆ. ತನ್ನ ಎರಡೂ ಅಂಗೈ ನೋಡ್ಕೊಂಡು, ಮೆಲ್ಲಗೆ ಹೇಳಿದಳು: "ನೀವು ಹೇಳಿದ್ದು ನಿಜ ಅಂತಲೇ ನಂಬಿದ್ದೆ ಭಾವ. ನನ್ನ ಕೈ ನಾನೇ ನಂಬಲಿಲ್ಲ."

ಕೂಗಾಡಿದ್ದರೆ ದೊಡ್ಡಪ್ಪ ತಡ್ಕೊಳ್ತಿದ್ದರೇನೋ. ಇದನ್ನು ತಡ್ಕೊಳ್ಳಲಾಗದೆ, ಮೂಟೆಗಳನ್ನು ಒಂದೊಂದಾಗಿ ಅಮ್ಮನ ಮಗ್ಗದಿಂದ ಇಳಿಸೋಕೆ ಶುರು ಮಾಡಿದರು. ನೋಯೋ ಭುಜ ಅಲ್ವಾ, ಇನ್ನಷ್ಟು ನೋಯಲಿ ಅಂತ ನಾನು ಸಹಾಯಕ್ಕೆ ಹೋಗಲಿಲ್ಲ.

ಅಮ್ಮನ ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದದ ಎಳೆಗಳನ್ನು, ಏರಿಸೋಕೆ ನಾಲ್ಕು ದಿನ ಹಿಡಿಯಿತು. ಅವಳು ಕೂತಳು. ಒಂದು ಗೇಣು ನೇಯ್ದಳು, ಬಿಚ್ಚಿದಳು. ಮತ್ತೆ ನೇಯ್ದಳು. ದೊಡ್ಡಪ್ಪ ಹತ್ತಿರ ಬಂದು, "ಚೆನ್ನಾಗಿದೆಯಮ್ಮ, ನೋಡ್ಲಾ?" ಅಂತ ಕೈ ಚಾಚಿದರು.

"ನೀವು ಬೇಡ" ಅಂದಳು ಅಮ್ಮ. "ಅವಳು ನೋಡ್ಲಿ."

ನಾನು ಬೆರಳು ಆಡಿಸಿ ನೋಡಿದೆ. ಬಿಗಿಯಾಗಿ, ನೆಟ್ಟಗೆ, ಎಲ್ಲೂ ಒಂದು ಎಳೆ ಸಡಿಲ ಇರಲಿಲ್ಲ. "ಸರಿಯಾಗಿದೆ ಅಮ್ಮ, ದೇವರಾಣೆ" ಅಂದೆ.

ಅಮ್ಮ ನನ್ನ ಮುಖವನ್ನೇ ನೋಡಿದಳು, ದೊಡ್ಡಪ್ಪ ನೂಲು ತಂದವನ ಮುಖ ನೋಡೋ ಹಾಗೆ. ಆಮೇಲೆ ಅದನ್ನೂ ಬಿಚ್ಚಿದಳು.