ಏಳನೇ ನಂಬರಿನ ಅಂಗಿ

ಅಕ್ಕವ್ವ ನನ್ನ ತಂಗಿಯ ಮಗಳು, ಖಾನಾಪುರದವಳು. ಅವಳ ಅಪ್ಪ ಈರಣ್ಣ ಹಂಚಿನ ಕಾರ್ಖಾನೆಗೆ ಚಕ್ಕಡಿಯಲ್ಲಿ ಮಣ್ಣು ಹೊಡೆಯುತ್ತಿದ್ದ. ಕೆಳಗೆ ಬಿದ್ದ ಹೆಂಟೆಗಳನ್ನು ಒದೆಯುತ್ತ ಅವಳು ಚಕ್ಕಡಿಯ ಹಿಂದೆ ಓಡುತ್ತಿದ್ದಳು. ಹೈಸ್ಕೂಲಿಗೆಂದು ಬೆಳಗಾವಿಯ ಹಿಂದವಾಡಿಯಲ್ಲಿರುವ ನಮ್ಮ ಮನೆಗೆ ಬಂದಾಗ ಅವಳಿಗೆ ಹದಿಮೂರು. ಉಣ್ಣಲು ಕೂತರೂ ಕಾಲಿನ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ.

ಎಪ್ಪತ್ತೊಂಬತ್ತರ ಡಿಸೆಂಬರಿನಲ್ಲಿ ಹೆಣ್ಣುಮಕ್ಕಳ ರಾಷ್ಟ್ರೀಯ ಫುಟ್‌ಬಾಲ್ ಕಪ್ ಪಂದ್ಯಗಳು ಬೆಳಗಾವಿಯಲ್ಲಿ ನಡೆದವು. ನಮ್ಮ ರಾಜ್ಯದ ತಂಡದಲ್ಲಿ ಈ ಊರಿನವರು ಇಬ್ಬರೇ. ಗೋಲು ಕಾಯುವ ಕುಮುದಿನಿ, ಏಳನೇ ನಂಬರಿನ ಅಕ್ಕವ್ವ. ಆಗ ಅವಳಿಗೆ ಹತ್ತೊಂಬತ್ತು.

ಮೊದಲ ದಿನ ರೆಫರಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕೈ, ಕಿವಿ, ಕೊರಳು ನೋಡಿದರು. ಬಳೆ, ಸರ ಎಲ್ಲ ಬಿಚ್ಚಿಸಿದರು. ಅಕ್ಕವ್ವನ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ಲಿಂಗ. ಕೂಸಾಗಿದ್ದಾಗ ಕಟ್ಟಿದ್ದು. ಊರ ಪಂದ್ಯಗಳಲ್ಲಿ ಅಂಗಿಯ ಒಳಗೆ ಬಿಟ್ಟುಕೊಂಡು ಆಡುತ್ತಿದ್ದಳು, ಯಾರೂ ಕೇಳಿರಲಿಲ್ಲ. ಇಲ್ಲಿ ಬಿಚ್ಚು ಎಂದರು. ಇವಳು ಒಲ್ಲೆ ಎಂದಳು. ಹೊರಗೆ ಕೂರಿಸಿದರು. ಆ ಪಂದ್ಯ ಸಮವಾಯಿತು. ಅಷ್ಟು ಹೊತ್ತೂ ಅವಳು ಗೆರೆಯ ಆಚೆ ಅಡ್ಡಾಡಿದಳು.

"ಅಕ್ಕೂ, ಒಂದ್ ಕಡೆ ಕುಂದರ," ಎಂದರು ತಂಡವನ್ನು ಕಲಿಸುವ ಸುಮನ್‌ಬಾಯಿ. "ನಿನ್ನ ನೋಡಿ ನನಗ ಚಕ್ಕರ್ ಬರಾಕತ್ತೇತಿ."

ಲಿಂಗ ಕೊರಳಲ್ಲೇ ಇರಬೇಕೆಂದಿಲ್ಲ, ಮೈಮೇಲಿದ್ದರೆ ಸಾಕು, ಕಂಕುಳಲ್ಲೂ ಧರಿಸಬಹುದು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಅದು ನನಗೆ ನೆನಪಾಯಿತು. ಕರಡಿಗೆಯನ್ನು ತೆಗೆದಿಟ್ಟೆ. ಲಿಂಗವನ್ನು ಅರಳೆಯಲ್ಲಿ ಮೂರು ಸುತ್ತು ಸುತ್ತಿ, ಅವಳ ಆಟದ ಅಂಗಿಯ ಒಳಮೈಗೆ, ಎಡ ಕಂಕುಳ ಕೆಳಗೆ, ಸಣ್ಣ ಜೇಬು ಮಾಡಿ ಬಾಯಿ ಹೊಲಿದುಬಿಟ್ಟೆ. ಮರುದಿನ ರೆಫರಿ ಅದನ್ನು ಒತ್ತಿ ನೋಡಿ, ಮೆತ್ತಗಿದೆ, ಆಡಲಿ ಎಂದರು. ಅಕ್ಕವ್ವ ಆಡಿದಳು. ಒಂದು ಗೋಲು ಹೊಡೆದಳು. ತಂಡ ಗೆದ್ದು ಸೆಮಿಫೈನಲ್ ಮುಟ್ಟಿತು.

ಸಂಜೆ ಮನೆಗೆ ಬಂದು ಜಳಕಕ್ಕೆ ಹೋದವಳು ಬಚ್ಚಲಿನಿಂದಲೇ ಕೂಗಿದಳು.

"ದೊಡ್ಡವ್ವಾ! ಅಂಗಿ ಎಲ್ಲೈತಿ?"

"ನನ್ನ ಕೇಳ್ತಿ ಏನ? ನೀ ತಂದಿಲ್ಲಾ?"

ತಂಡಕ್ಕೆ ಇದ್ದದ್ದು ಒಂದೇ ಸೆಟ್ ಅಂಗಿ. ಮರುದಿನ ಬೆಳಗ್ಗೆ ಹತ್ತಕ್ಕೆ ಪಂದ್ಯ. ಆಟ ಮುಗಿದ ಕೂಡಲೇ ಎಲ್ಲರ ಅಂಗಿ ಬಿಚ್ಚಿಸಿ, ಗಂಟು ಕಟ್ಟಿ ಒಗೆಯಲು ಕಳಿಸಿದ್ದರು. ಗೆದ್ದ ಗದ್ದಲದಲ್ಲಿ ಇವಳೂ ಬಿಚ್ಚಿ ಕೊಟ್ಟಿದ್ದಳು. ಕೊರಳಲ್ಲಿದ್ದದ್ದು ಯಾವತ್ತೂ ತಾನಾಗಿ ಮೈ ಬಿಟ್ಟು ಹೋದದ್ದಲ್ಲ. ಹಾಗಾಗಿ ನೆನಪಾಗಲಿಲ್ಲ.

ಸುಮನ್‌ಬಾಯಿಯ ಮನೆಗೆ ಓಡಿದೆವು. "ಸಾತವ್ವ ಅಂತ ಒಬ್ಬಾಕಿ ಒಯ್ದಾಳ್ರೀ," ಎಂದರು. "ಆಕಿ ಮನಿ ನನಗ ಗೊತ್ತಿಲ್ಲ. ಮುಂಜಾನಿ ಗ್ರೌಂಡಿಗೇ ತರ್ತಾಳ."

ಲಿಂಗ ಮೈಮೇಲೆ ಇಲ್ಲದೆ ನಮ್ಮಲ್ಲಿ ಹನಿ ನೀರೂ ಕುಡಿಯುವುದಿಲ್ಲ. ಅಕ್ಕವ್ವ ಕುಡಿಯಲಿಲ್ಲ. ನಾನು ಒಲೆ ಹಚ್ಚಲಿಲ್ಲ.

"ನಾಳೆ ಅಪ್ಪ ಆಟ ನೋಡಾಕ ಬರ್ತಾನ," ಎಂದಳು. "ಅವಂಗ ಏನ್ ಹೇಳ್ಲಿ?"

ಬೆಳಗ್ಗೆ ಎಂಟಕ್ಕೇ ಮೈದಾನದಲ್ಲಿದ್ದೆವು. ಅವಳ ತುಟಿ ಒಣಗಿ ಬಿಳುಪಾಗಿತ್ತು. ಬಾಗಿಲ ಕಡೆ ಹೋಗುತ್ತಿದ್ದಳು, ತಿರುಗಿ ಬರುತ್ತಿದ್ದಳು.

"ನಿಮ್ಮ ದೇವರು ಸಾಬಣದಾಗ ಜಳಕ ಮಾಡಿ ಬರ್ತಾನ ತಗೋ," ಎಂದಳು ಕುಮುದಿನಿ, ನಗಿಸಲು. ಅಕ್ಕವ್ವ ಅವಳ ಮುಖವನ್ನೇ ನೋಡಿದಳು. ಕುಮುದಿನಿ ತಾನೂ ನೀರು ಮುಟ್ಟದೆ ಅವಳ ಪಕ್ಕ ಕೂತಳು.

ಒಂಬತ್ತೂವರೆ ಆಯಿತು. ಸುಮನ್‌ಬಾಯಿ ಗಡಿಯಾರ ನೋಡಿದರು.

"ನೀರು ಕುಡೀದ ನಿನ್ನ ಒಳಗ ಬಿಡಾಂಗಿಲ್ಲ, ಅಕ್ಕೂ. ನಡುವ ಬಿದ್ರ ಯಾರು ಜವಾಬು ಕೊಡೂದು? ಕಾಂತಾ, ನೀ ಬೂಟ್ ಕಟ್ಟಿಕೋ."

ಬದಲಿ ಆಟಗಾರ್ತಿ ಕಾಂತಾ ಒಂದು ಬೂಟು ಕಟ್ಟಿದಳು. ಇನ್ನೊಂದನ್ನು ಕೈಯಲ್ಲಿ ಹಿಡಿದು ಅಕ್ಕವ್ವನನ್ನು ನೋಡುತ್ತ ಕೂತಳು.

ಅಷ್ಟರಲ್ಲಿ ತಲೆಯ ಮೇಲೆ ಗಂಟು ಹೊತ್ತು ಸಾತವ್ವ ಬಂದಳು. ನನ್ನ ವಯಸ್ಸಿನವಳೇ. ನಾನು ಗಂಟು ಬಿಚ್ಚಿ, ಏಳನೇ ನಂಬರು ಹುಡುಕಿ, ಅಂಗಿ ತಿರುವಿ ನೋಡಿದೆ. ಜೇಬಿನ ಹೊಲಿಗೆ ಬಿಚ್ಚಿತ್ತು. ಒಳಗೆ ಏನೂ ಇರಲಿಲ್ಲ.

"ಏಳನೇ ನಂಬರಿನಾಕಿ ಯಾರವ್ವಾ?" ಎಂದಳು ಸಾತವ್ವ. ಕೇಳುತ್ತಲೇ ಸೀರೆಯ ಉಡಿಗೆ ಕೈಹಾಕಿ ಅರಳೆಯ ಸುರುಳಿ ತೆಗೆದಳು. "ಕಲ್ಲಿಗೆ ಬಡೀಬೇಕಂತ ಅಂಗಿ ಎತ್ತಿದ್ನಿ, ಕೈಗೆ ಹತ್ತಿತು. ಎದಿ ಧಸಕ್ಕಂತು. ನೆಲಕ್ಕ ಇಡೂವಂಗಿಲ್ಲ, ಗೂಟಕ್ಕ ಹಾಕೂವಂಗಿಲ್ಲ. ನಿನ್ನಿಂದ ಉಡಿಯಾಗ ಇಟ್ಕೊಂಡ ತಿರಗಾಕತ್ತೇನಿ." ಅವಳ ಕೊರಳಲ್ಲೂ ಲಿಂಗವಿತ್ತು. "ಅಂಗಿಗೆ ಹೊಲದಾಕಿ ಯಾರು?"

"ನಾನರೀ," ಎಂದೆ.

"ಅಂಗಿ ಇವತ್ತ ಈಕಿದು, ನಾಳೆ ಮತ್ತೊಬ್ಬಾಕಿದು. ಮೈಗೆ ಕಟ್ಟಬೇಕಿಲ್ಲೇನ್ರೀ?"

ಹಾಗೆಂದು ಗಂಟಿನ ಅರಿವೆಯಿಂದ ಒಂದು ಪಟ್ಟಿ ಹರಿದಳು. ಅಕ್ಕವ್ವ ಆಟಗಾರರ ಡೇರೆಯ ಹಿಂದೆ ಕೂತು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಕುಮುದಿನಿ ನೀರೆರೆದಳು, ನನ್ನ ಸಂಚಿಯಲ್ಲಿದ್ದ ವಿಭೂತಿ ನಾನು ಕೊಟ್ಟೆ. ಸಾತವ್ವ ಆ ಪಟ್ಟಿಯಲ್ಲಿ ಲಿಂಗ ಸುತ್ತಿ, ಕಂಕುಳಿಂದ ಹೆಗಲಿಗೆ ಎರಡು ಸಲ ಬಿಗಿದು ಕಟ್ಟಿದಳು. ಆಮೇಲೆ ಅಕ್ಕವ್ವ ಕುಡಿದಳು, ತುಂಬಿದ ತಂಬಿಗೆಯನ್ನು ನಿಲ್ಲಿಸದೆ ಕುಡಿದಳು. ಕೊಡದಲ್ಲಿ ಉಳಿದದ್ದನ್ನು ಕುಮುದಿನಿ ಕುಡಿದಳು. ಕಾಂತಾ ಕಟ್ಟಿದ ಬೂಟು ಬಿಚ್ಚಿದಳು.

ಒಂದು ಗೋಲಿನಿಂದ ಸೋತೆವು. ಅಕ್ಕವ್ವ ಹೊಡೆದ ಒಂದು ಚೆಂಡು ಕಂಬಕ್ಕೆ ಬಡಿದು ವಾಪಸು ಬಂತು. ರೈಲು ತಡವಾಗಿ ಅರ್ಧ ಆಟಕ್ಕೆ ಬಂದ ಈರಣ್ಣ ಕೊನೆಯವರೆಗೂ ನಿಂತೇ ನೋಡಿದ.

"ಅಕ್ಕಾ," ಎಂದ ನನಗೆ, "ಚಕ್ಕಡಿ ಎತ್ತುಗಳಾದ್ರೂ ನಡುವ ನಿಂತು ದಮ್ಮ ತಗೋತಾವ. ಈ ಕೂಸು ನಿಲ್ಲಲಿಲ್ಲ ನೋಡು."

ಆ ದಿನದ ಗಾಬರಿ ಅವನಿಗೆ ಹೇಳಿದ್ದು ಎರಡು ವರ್ಷದ ಮೇಲೆ.

ಎಂಬತ್ತಾರರಲ್ಲಿ ಅಕ್ಕವ್ವ ಖಾನಾಪುರದ ಒಂದು ಶಾಲೆಯಲ್ಲಿ ಆಟದ ಬಾಯಿ, ಅಂದರೆ ಆಟದ ಟೀಚರ್ ಆದಳು. ಪಂದ್ಯದ ದಿನ ಅವಳ ಚೀಲದಲ್ಲಿ ಸೀಟಿಯ ಜೊತೆಗೆ ಹಳೆ ಸೀರೆಯ ಪಟ್ಟಿಗಳ ಒಂದು ಸುರುಳಿ. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ರೆಫರಿಗಿಂತ ಮೊದಲು ತಾನೇ ಕೊರಳು ನೋಡುತ್ತಾಳೆ. ಕರಡಿಗೆ, ತಾಯತ, ಶಿಲುಬೆ, ಏನಿದ್ದರೂ, "ಅಂಜಬ್ಯಾಡ, ಬಾ, ಮೈಗೆ ಕಟ್ತೀನಿ," ಎನ್ನುತ್ತಾಳೆ. ಆಟ ಮುಗಿದ ಮೇಲೆ, ಗಂಟು ಕಟ್ಟುವ ಮುಂಚೆ, ಒಂದೊಂದೇ ಅಂಗಿಯ ಕಂಕುಳನ್ನು ಹಿಚುಕಿ ನೋಡುತ್ತಾಳೆ. ಗೆದ್ದ ದಿನ ಎರಡು ಸಲ ನೋಡುತ್ತಾಳೆ.