ಪಕ್ಕದ ಮನೆ ಅಜ್ಜಿಯ ಅಪ್ಪನ ಭಾಷಣ

ಲಂಡನ್ನಿನ ಸ್ಟ್ಯಾನ್ಮೋರ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಯಹೂದಿ ಅಜ್ಜಿಗೆ ತೊಂಬತ್ತು ದಾಟಿತ್ತು. ಒಮ್ಮೆ ನಮ್ಮ ಸತ್ಯನಾರಾಯಣ ಪೂಜೆಗೆ ಬಂದವಳು ಎರಡನೇ ಅಧ್ಯಾಯಕ್ಕೇ ಸೊಂಟ ಹಿಡಿದುಕೊಂಡು ಏಳಹೋದಳು. ನಾನು ತೋಳು ಹಿಡಿದು ಕೂರಿಸಿದೆ.

"ಕಥೆ ಮುಗಿಯೋ ತನಕ ಏಳಬಾರದು. ದೇವರಿಗೆ ಅವಮಾನ."

ಒಂದಕ್ಷರ ತಿಳಿಯದಿದ್ದರೂ ಐದೂ ಅಧ್ಯಾಯ ಕೂತಳು. ಪ್ರಸಾದ ತಿಂದು, "ಮುಂದೊಂದು ದಿನ ನನ್ನದನ್ನೂ ನೀನು ಹೀಗೇ ಕೇಳಬೇಕು" ಎಂದಳು.

ಮಗ ಅವಳನ್ನು ಕೇರ್ ಹೋಮಿಗೆ ಸೇರಿಸುವ ಹಿಂದಿನ ದಿನ ನನ್ನನ್ನು ಕರೆದು, ಹಳದಿಗಟ್ಟಿದ ಏಳು ಹಾಳೆ ತೆಗೆದಳು. ಎರಡು ಮಹಾಯುದ್ಧಗಳ ನಡುವೆ ಅವಳ ಅಪ್ಪ ಪೋಲೆಂಡಿನ ಪಾರ್ಲಿಮೆಂಟಿನಲ್ಲಿದ್ದ, ಯಹೂದಿಗಳು ಆರಿಸಿ ಕಳಿಸಿದ ಸದಸ್ಯ. ಕಾಲೇಜುಗಳಲ್ಲಿ ತಮ್ಮ ಹುಡುಗರನ್ನು ಬೇರೆ ಬೆಂಚಿಗೆ ತಳ್ಳುತ್ತಾರೆ ಅಂತ ಅವನು ಬರೆದ ಭಾಷಣ ಅದು. ಉಳಿದ ಸದಸ್ಯರು ಮೇಜು ಬಡಿದು, "ನಿಮ್ಮ ದೇಶಕ್ಕೆ ಹೋಗ್ರೋ" ಅಂತ ಕೂಗಿ ಅವನನ್ನು ಕೂರಿಸಿದರಂತೆ. ಎಲ್ಲಿಗೆ ನಿಂತಿತೋ ಅಲ್ಲಿ, ಐದನೇ ಹಾಳೆಯಲ್ಲಿ, ಅವನೇ ಪೆನ್ಸಿಲ್ ಗೆರೆ ಎಳೆದಿದ್ದ. ಆ ಹಾಳೆಗಳನ್ನು ಕೈಗಿಟ್ಟು ಎಂಟು ವರ್ಷದ ಮಗಳನ್ನು ಇಂಗ್ಲೆಂಡಿನ ಹಡಗು ಹತ್ತಿಸಿದ. ಅವನು ಉಳಿಯಲಿಲ್ಲ. ಭಾಷಣವನ್ನು ಕೊನೆ ತನಕ ಯಾರೂ ಕೇಳಿಲ್ಲ.

"ಮಗನಿಗೆ ಓದಿ ಹೇಳಬಹುದಿತ್ತಲ್ಲ?"

"ಅವನಿಗೆ ನಾನು ಬಾಯಿ ತೆರೆದರೇ ಬೇಜಾರು. ಅರ್ಥವಾಗದ್ದನ್ನು ಕೂತು ಕೇಳೋ ಅಭ್ಯಾಸ ನಿನಗಿದೆ. ನಿಮ್ಮ ಪುರೋಹಿತರ ಮಂತ್ರ ನಿನಗೇನು ತಿಳಿಯುತ್ತೆ?"

ನಕ್ಕೆ. ಅವಳು ಮೇಜು ಹಿಡಿದು ನಿಂತು, ಪೋಲೆಂಡಿನ ಭಾಷೆಯಲ್ಲಿ ಓದತೊಡಗಿದಳು. ಮೂರನೇ ಹಾಳೆಗೆ ನಮ್ಮ ಯಜಮಾನರ ಫೋನು.

"ಕೀ ಮರತೀನಿ. ಮಳ್ಯಾಗ ನಿಂತೀನಿ. ಎಲ್ಲಿ ಹೋಗೀ?"

"ಅಜ್ಜಿ ಮನ್ಯಾಗ ಅದೀನ್ರೀ. ಬಂದೆ."

ಅಜ್ಜಿಗೆ "ಎರಡೇ ನಿಮಿಷ" ಅಂತ ಹೇಳಿ ಓಡಿದೆ. ಕೀ ಕೊಟ್ಟು ವಾಪಸ್ ಬರಬಹುದಿತ್ತು. ಚಹಾ ಕೇಳಿದರು, ಮಾಡಿದೆ. ಅವಲಕ್ಕಿ ಕೇಳಿದರು, ಒಗ್ಗರಣೆ ಹಾಕಿದೆ. ನಿಜ ಹೇಳಬೇಕಂದರೆ, ಎದ್ದು ಬಂದದ್ದು ನನಗೂ ಹಗುರಾಗಿತ್ತು. ಸಂಜೆ ದೀಪ ಹಚ್ಚಿ ದಿನದಂತೆ ದೇವರ ಉಪಕಾರ ಎಣಿಸಿದೆ: ಕಾಲು ಗಟ್ಟಿ ಇವೆ, ಯಜಮಾನರಿಗೆ ನೆಗಡಿ ಆಗಲಿಲ್ಲ, ಹಾಲು ಉಕ್ಕಲಿಲ್ಲ. ಅಜ್ಜಿಯ ನೆನಪೇ ಬರಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಅವಳಾಗಲೇ ಮಗನ ಕಾರಿನಲ್ಲಿ ಕೂತಿದ್ದಳು. ಉಪ್ಪಿಟ್ಟಿನ ಡಬ್ಬಿ ಹಿಡಿದು ಮಳೆಯಲ್ಲೇ ಓಡಿದೆ. ಗಾಜು ಇಳಿಸಿದಳು. ಡಬ್ಬಿ ಮುಟ್ಟಲಿಲ್ಲ. ಚೀಲದಿಂದ ಮೂರನೇ ಹಾಳೆ ತೆಗೆದು ಬೆರಳಿಟ್ಟು ತೋರಿಸಿದಳು. ಅಲ್ಲಿ ಹೊಸ ಪೆನ್ಸಿಲ್ ಗೆರೆ.

"ಇದು ನಿನ್ನದು. ಅವರು ನಿನಗಿಂತ ಎರಡು ಹಾಳೆ ಜಾಸ್ತಿ ಕೇಳಿದ್ದರು."

"ಗಾಜು ಏರಿಸಮ್ಮ, ಸೀಟು ನೆನೆಯುತ್ತೆ" ಅಂದ ಮಗ.